ಅಣ್ವಸ್ತ್ರ ಕಾಯ್ದ ಶಾಂತಿ ಎಂಬ ಭ್ರಮೆ

ಎರಡನೇ ಮಹಾಯುದ್ಧದ ನಂತರ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ನಾಲ್ಕು ದಶಕಗಳಿಗೂ ಮಿಕ್ಕಿ ಒಂದರ ಮೇಲೊಂದು ಹಲ್ಲು ಮಸೆದವು, ಆದರೆ ನೇರ ಯುದ್ಧಕ್ಕಿಳಿಯಲಿಲ್ಲ. ಅದಕ್ಕೆ ಅಣುಬಾಂಬಿನ ಭಯವೇ ಕಾರಣ ಎಂಬುದು ರಕ್ಷಣಾ ಪಂಡಿತರ ಹಳೆಯ ವಾದ. ಅದಕ್ಕೆ ತಲೆದೂಗುವ ಮುನ್ನ 1962ರ ಅಕ್ಟೋಬರ್ 27ರಂದು ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳನ್ನು ನಿಲ್ಲಿಸಿದ್ದರಿಂದ ಎದ್ದ ಬಿಕ್ಕಟ್ಟಿನ ನಡುವೆ ಅಟ್ಲಾಂಟಿಕ್ ಸಾಗರದಡಿ ನಡೆದದ್ದನ್ನು ನೋಡಬೇಕು. ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿಯ ಬ್ಯಾಟರಿ ಬರಿದಾಗುತ್ತಿತ್ತು. ಒಳಗೆ ಉಸಿರುಗಟ್ಟಿಸುವ ಸೆಕೆ, ಮಾಸ್ಕೋದ ಸಂಪರ್ಕವೂ ಇಲ್ಲ. ಅದನ್ನು ಮೇಲೆಬ್ಬಿಸಲು ಅಮೆರಿಕದ ಹಡಗುಗಳು ಎಚ್ಚರಿಕೆಯ ಸಿಡಿಮದ್ದು ಎಸೆಯುತ್ತಿದ್ದವು. ಒಳಗೆ ಅಣ್ವಸ್ತ್ರದ ಟಾರ್ಪಿಡೊ ಇದೆಯೆಂದು ಎಸೆಯುವವರಿಗೆ ಗೊತ್ತಿರಲಿಲ್ಲ, ಮೇಲೆ ಯುದ್ಧ ಶುರುವಾಗಿದೆಯೋ ಇಲ್ಲವೋ ಎಂದು ಒಳಗಿದ್ದವರಿಗೆ ಗೊತ್ತಿರಲಿಲ್ಲ. ಟಾರ್ಪಿಡೊ ಸಜ್ಜುಗೊಳಿಸಲು ಕ್ಯಾಪ್ಟನ್ ಹೇಳಿಯೂ ಆಗಿತ್ತು, ವಸಿಲಿ ಅರ್ಖಿಪೊವ್ ಎಂಬ ಅಧಿಕಾರಿ ತಡೆದರು ಎಂದು ಅಲ್ಲಿದ್ದವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಸಂಯಮ ಕಲಿಸಬೇಕಿದ್ದ ಭಯವೇ ಅಲ್ಲಿ ಕೈಯನ್ನು ಅಸ್ತ್ರದತ್ತ ಎಳೆದಿತ್ತು.

ಬಿಕ್ಕಟ್ಟು ಬಗೆಹರಿದದ್ದು ಮಾತಿನಿಂದ. ಅದೇ ರಾತ್ರಿ ಅಮೆರಿಕದ ಅಧ್ಯಕ್ಷ ಕೆನಡಿಯವರ ತಮ್ಮ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ದೊಬ್ರಿನಿನ್ ಅವರನ್ನು ಕಂಡು, ಟರ್ಕಿಯಲ್ಲಿದ್ದ ಅಮೆರಿಕದ ಜುಪಿಟರ್ ಕ್ಷಿಪಣಿಗಳನ್ನು ಸದ್ದಿಲ್ಲದೆ ತೆಗೆಸುವ ಭರವಸೆ ಕೊಟ್ಟರು. ಮರುದಿನವೇ ಕ್ಯೂಬಾದ ಕ್ಷಿಪಣಿಗಳನ್ನು ಕಳಚುವುದಾಗಿ ಸೋವಿಯತ್ ನಾಯಕ ಖ್ರುಶ್ಚೇವ್ ಸಾರಿದರು. ಆಗಿನ ಸಂಪರ್ಕ ವ್ಯವಸ್ಥೆಯ ಪಾಡಾದರೂ ಎಂಥದ್ದು! ರಾಯಭಾರ ಕಚೇರಿಯ ಗೂಢಲಿಪಿ ಸಂದೇಶಗಳನ್ನು ತಂತಿ ಕಚೇರಿಯ ಆಳು ಸೈಕಲ್ಲಿನಲ್ಲಿ ಬಂದು ಒಯ್ಯುತ್ತಿದ್ದನೆಂದು ದೊಬ್ರಿನಿನ್ ಬರೆದಿದ್ದಾರೆ. 1963ರಲ್ಲಿ ಎರಡೂ ರಾಜಧಾನಿಗಳ ನಡುವೆ ನೇರ ಸಂಪರ್ಕ ಬಂತು. ಸಿನಿಮಾದವರು ತೋರಿಸುವ ಕೆಂಪು ಫೋನು ಅದಾಗಿರಲಿಲ್ಲ, ಬರೀ ಟೆಲಿಪ್ರಿಂಟರ್. ಅದೇ ವರ್ಷ ಅಣುಪರೀಕ್ಷೆಗಳ ಭಾಗಶಃ ನಿಷೇಧಕ್ಕೂ ಸಹಿ ಬಿತ್ತು.

ಏನೇ ಆಗಲಿ, ಮೂರನೇ ಮಹಾಯುದ್ಧ ಆಗಲಿಲ್ಲವಲ್ಲ ಎನ್ನಬಹುದು. ಸರ್ವನಾಶದ ಅಂಜಿಕೆ ಕೆನಡಿ, ಖ್ರುಶ್ಚೇವ್ ಇಬ್ಬರನ್ನೂ ಮಾತುಕತೆಗೆ ತಳ್ಳಿತೆಂಬುದೂ ನಿಜ. ಆದರೆ ಆ ಶಾಂತಿ ಯಾರ ಪಾಲಿಗೆ? ಕೊರಿಯಾ, ವಿಯೆಟ್ನಾಂ, ಅಂಗೋಲಾ, ಅಫ್ಗಾನಿಸ್ತಾನಗಳ ಲಕ್ಷಾಂತರ ಜನ ಅದಕ್ಕೆ ಜೀವ ತೆತ್ತರು. ಇನ್ನು 1983ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಷಿಪಣಿಗಳು ಬರುತ್ತಿವೆಯೆಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಸುಳ್ಳು ಎಚ್ಚರಿಕೆ ಕೊಟ್ಟಾಗ, ಕರ್ತವ್ಯದಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೊವ್ ಅದನ್ನು ನಂಬದಿದ್ದುದರಿಂದ ಜಗತ್ತು ಉಳಿಯಿತು. ಇಂಥ ಅದೃಷ್ಟವನ್ನು ರಕ್ಷಣಾ ನೀತಿ ಎನ್ನಲಾಗದು.

ಶತ್ರುವಿನ ಸಹಿಯನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. 1987ರಲ್ಲಿ ರೇಗನ್ ಮತ್ತು ಗೋರ್ಬಚೇವ್ ಸಹಿ ಮಾಡಿದ ಮಧ್ಯಮ ವ್ಯಾಪ್ತಿಯ ಕ್ಷಿಪಣಿ ಒಪ್ಪಂದದಲ್ಲೇ ಅದಕ್ಕೆ ಉತ್ತರವಿದೆ. ಪರಸ್ಪರ ನಂಬಿಕೆ ಇಲ್ಲದ್ದರಿಂದಲೇ ಒಬ್ಬರ ನೆಲೆಗೆ ಇನ್ನೊಬ್ಬರ ತಪಾಸಣಾಧಿಕಾರಿಗಳು ಹೋಗಿ ಕಣ್ಣಾರೆ ಎಣಿಸುವ ಏರ್ಪಾಡಾಯಿತು, 2,692 ಕ್ಷಿಪಣಿಗಳು ನಾಶವಾದವು. ಆ ಒಪ್ಪಂದದಿಂದ 2019ರಲ್ಲಿ ಅಮೆರಿಕ ಹೊರನಡೆಯಿತು. ದೂರಗಾಮಿ ಅಣ್ವಸ್ತ್ರಗಳಿಗೆ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದ ಪಾಲನೆಯನ್ನು 2023ರಲ್ಲಿ ರಷ್ಯಾ ಅಮಾನತಿನಲ್ಲಿಟ್ಟಿತು. ಬಾಂಬು ಶಾಂತಿ ಕಾಯುತ್ತದೆಂದು ನಂಬಿದವರಿಗೆ ಇದು ದೊಡ್ಡ ನಷ್ಟವಾಗಿ ಕಾಣದು. ನಮ್ಮ ಉಪಖಂಡಕ್ಕೆ ಆ ಉದಾಸೀನ ಸಲ್ಲದು. 1988ರ ಒಪ್ಪಂದದಂತೆ ಭಾರತ ಮತ್ತು ಪಾಕಿಸ್ತಾನ 1992ರಿಂದ ಪ್ರತಿ ಜನವರಿ 1ರಂದು ತಮ್ಮ ಪರಮಾಣು ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತಿವೆ. ಕಾರ್ಗಿಲ್ ಯುದ್ಧದ ನಂತರವೂ ಅದು ನಿಂತಿಲ್ಲ.