ಒಳಗಿನ ಸಾಕ್ಷಿ, ಹೊರಗಿನ ಪರೀಕ್ಷೆ



'ನನ್ನ ಮನಸ್ಸು ಹೌದೆಂದಿತು, ಆದ್ದರಿಂದ ಅದು ಸತ್ಯ' ಎಂಬ ಮಾತನ್ನು ನಾವೆಲ್ಲರೂ ಒಂದಲ್ಲ ಒಂದು ಸಂದರ್ಭದಲ್ಲಿ ಆಡಿದವರೇ. ವಧೂವರರನ್ನು ಒಪ್ಪುವಾಗ, ನಿವೇಶನ ಕೊಳ್ಳುವಾಗ, ಗುರುವನ್ನು ಆರಿಸಿಕೊಳ್ಳುವಾಗ ಈ ಒಳಗಿನ ಸಾಕ್ಷಿಯನ್ನೇ ನೆಚ್ಚುತ್ತೇವೆ. ಈ ಸಾಕ್ಷಿ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ಇಂದು ವಿಚಾರಿಸಬೇಕೆಂದಿದ್ದೇನೆ. ಉದಾಹರಣೆಗೆ ನಮ್ಮಲ್ಲಿ ಅನೇಕರಿಗೆ ಅಪರಿಚಿತವಾದ ಮಾರ್ಮನ್ ಪಂಥವನ್ನು ತೆಗೆದುಕೊಳ್ಳುತ್ತೇನೆ. ದೂರದ ಉದಾಹರಣೆಯನ್ನು ನಾವು ನಿರ್ಲಿಪ್ತರಾಗಿ ನೋಡಬಲ್ಲೆವು. ಅನಂತರ ಅದೇ ಅಳತೆಗೋಲನ್ನು ಮನೆಗೂ ತರಬಹುದು.

ಈ ಪಂಥ ಬೆಂಗಳೂರಿಗೆ ಅಷ್ಟೇನೂ ದೂರದ್ದಲ್ಲ. 1830ರ ಏಪ್ರಿಲ್ 6ರಂದು ಅಮೆರಿಕದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಸಭೆಯು 1993ರಲ್ಲಿ ನಮ್ಮ ನಗರವನ್ನು ಕೇಂದ್ರವಾಗಿಟ್ಟುಕೊಂಡು ತನ್ನ ಮಿಷನ್ ಆರಂಭಿಸಿತು. ಭಾರತದಲ್ಲಿ ತನ್ನ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಕಾರ್ಯಾರಂಭ ಮಾಡಿತು. ಅದೇ 2018ರಲ್ಲಿ, ತಮ್ಮನ್ನು 'ಮಾರ್ಮನ್' ಎಂದು ಕರೆಯದೆ ಸಭೆಯ ಪೂರ್ಣ ಹೆಸರನ್ನೇ ಬಳಸಬೇಕೆಂದು ಅದರ ನಾಯಕರು ಕೋರಿದರು. ಓದುಗರಿಗೆ ಪರಿಚಿತವಾದ ಹೆಸರೆಂಬ ಕಾರಣಕ್ಕಷ್ಟೇ ನಾನು ಹಳೆಯ ಪದವನ್ನು ಬಳಸುತ್ತಿದ್ದೇನೆ, ಅಗೌರವದಿಂದಲ್ಲ.

ಇವರ ಮೂಲಗ್ರಂಥ ಮಾರ್ಮನ್ ಗ್ರಂಥ. ದೇವದೂತನೊಬ್ಬನಿಂದ ದೊರೆತ ಚಿನ್ನದ ಫಲಕಗಳಲ್ಲಿದ್ದ ಪ್ರಾಚೀನ ಬರಹವನ್ನು ದೈವಸಹಾಯದಿಂದ ಭಾಷಾಂತರಿಸಿದೆನೆಂದು ಸ್ಮಿತ್ ಹೇಳಿದನು. ಈ ಗ್ರಂಥದ ಒಂದು ವೈಶಿಷ್ಟ್ಯವೆಂದರೆ, ತನ್ನನ್ನು ಪರೀಕ್ಷಿಸುವ ವಿಧಾನವನ್ನು ಅದು ತಾನೇ ತಿಳಿಸುತ್ತದೆ. ಓದಿರಿ, ಮನನ ಮಾಡಿರಿ, ಪ್ರಾಮಾಣಿಕ ಹೃದಯದಿಂದ ದೇವರನ್ನು ಕೇಳಿರಿ, ಪವಿತ್ರಾತ್ಮವು ಸತ್ಯವನ್ನು ನಿಮಗೆ ತಿಳಿಸುವುದು ಎಂಬುದು ಅದರ ಕೊನೆಯ ಭಾಗದ ಆಶಯ. ಅವರ ಇನ್ನೊಂದು ಧರ್ಮಗ್ರಂಥದಲ್ಲಿರುವ 1829ರ ಉಪದೇಶವೊಂದು, ಮೊದಲು ಬುದ್ಧಿಯಿಂದ ವಿಚಾರಮಾಡಿ ಅನಂತರ ಕೇಳಬೇಕೆಂದೂ, ವಿಷಯವು ಸರಿಯಾಗಿದ್ದರೆ ಎದೆಯೊಳಗೆ ಬಿಸುಪು ಹುಟ್ಟುವುದೆಂದೂ, ತಪ್ಪಾಗಿದ್ದರೆ ಮನಸ್ಸಿಗೆ ಮಂಕು ಕವಿಯುವುದೆಂದೂ ತಿಳಿಸುತ್ತದೆ. ಆದ್ದರಿಂದ ಈ ಪಂಥದವರು ಬುದ್ಧಿಯನ್ನು ಬದಿಗಿಟ್ಟವರೆಂದು ಹೇಳುವುದು ಅನ್ಯಾಯ. ಬುದ್ಧಿಗೆ ಅಲ್ಲಿ ಪೀಠವಿದೆ; ಆದರೆ ತೀರ್ಪು ಕೊಡುವ ಪೀಠ ಹೃದಯದ್ದು.

ಈ ಪದ್ಧತಿಯಲ್ಲಿ ನನಗೆ ಎರಡು ತೊಡಕುಗಳು ಕಾಣುತ್ತವೆ.

ಮೊದಲನೆಯದು, ಇದು ಫಲವನ್ನು ಮೊದಲೇ ನಿಶ್ಚಯಿಸಿಕೊಂಡ ಪರೀಕ್ಷೆ. ಬಿಸುಪು ಹುಟ್ಟಿದರೆ ಗ್ರಂಥ ಸತ್ಯ. ಹುಟ್ಟದಿದ್ದರೆ ಕೇಳಿದವನ ಪ್ರಾಮಾಣಿಕತೆ ಸಾಲದು, ಮತ್ತೆ ಕೇಳಬೇಕು. ಗಣಿತ ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ನೋಡಿಕೊಂಡು, ಅದು ಬರುವವರೆಗೂ ಲೆಕ್ಕವನ್ನು ತಿದ್ದುತ್ತಿದ್ದ ಹುಡುಗರು ನಿಮ್ಮಲ್ಲೂ ಇದ್ದಿರಿ! ಉತ್ತರ ಸರಿಯಿರುತ್ತಿತ್ತು, ಆದರೆ ಲೆಕ್ಕವು ಏನನ್ನೂ ಸಾಧಿಸಿರುತ್ತಿರಲಿಲ್ಲ. ಸೋಲಲು ಅವಕಾಶವೇ ಇಲ್ಲದ ಪರೀಕ್ಷೆಯಲ್ಲಿ ಗೆದ್ದುದಕ್ಕೆ ಬೆಲೆಯಿಲ್ಲ. ಇದನ್ನು ಓದಿ ನಗುವ ಮುನ್ನ ನಮ್ಮ ಮನೆಗಳನ್ನೂ ನೋಡಿಕೊಳ್ಳೋಣ. ದೇವರ ಮುಂದೆ ಹೂವಿನ ಪ್ರಸಾದ ಕೇಳುವ ಪದ್ಧತಿ ನಮ್ಮಲ್ಲಿದೆ. ಬಲಗಡೆಯ ಹೂವು ಬಿದ್ದರೆ ಅಪ್ಪಣೆಯಾಯಿತು. ಎಡಗಡೆಯದು ಬಿದ್ದರೆ ಮಡಿಯಲ್ಲಿ ಲೋಪವಾಗಿರಬೇಕು, ಬರುವ ಸೋಮವಾರ ಮತ್ತೆ ಕೇಳೋಣ ಎನ್ನುವ ಹಿರಿಯರನ್ನು ನಾನು ಕಂಡಿದ್ದೇನೆ.

ಎರಡನೆಯ ತೊಡಕು ಇನ್ನೂ ಆಳವಾದದ್ದು. ಎದೆಯ ಬಿಸುಪು ಒಂದೇ ಪಂಥದ ಸ್ವತ್ತಲ್ಲ. ರಾಜಾಜಿನಗರದ ಇಸ್ಕಾನ್ ಬೆಟ್ಟದ ಮೇಲೆ ಆರತಿಯ ಹೊತ್ತಿಗೆ ಕಣ್ಣೀರು ಸುರಿಸುವವರಿದ್ದಾರೆ. ರಾಮಮಂದಿರದ ಭಜನೆಯಲ್ಲಿ ಮೈಮರೆಯುವವರಿದ್ದಾರೆ. ಮಸೀದಿಯಲ್ಲಿ, ಚರ್ಚಿನಲ್ಲಿ, ಇಷ್ಟಲಿಂಗ ಪೂಜೆಯಲ್ಲಿ ಅದೇ ಶಾಂತಿಯನ್ನು ಪಡೆಯುವವರಿದ್ದಾರೆ. ಅವರ ಅನುಭವಗಳೆಲ್ಲ ನಿಜ. ಆದರೆ ಅವರವರ ಗ್ರಂಥಗಳು ಹೇಳುವ ಚರಿತ್ರೆಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ಬಗೆಯ ಸಾಕ್ಷಿ ಪರಸ್ಪರ ವಿರುದ್ಧವಾದ ಹೇಳಿಕೆಗಳಿಗೆಲ್ಲ ಸಹಿ ಹಾಕುವುದಾದರೆ, ಆ ಹೇಳಿಕೆಗಳ ನಡುವೆ ತೀರ್ಪು ಕೊಡಲು ಅದು ಅಸಮರ್ಥವೆಂದೇ ಅರ್ಥ.

ಇದಕ್ಕೊಂದು ಖಚಿತವಾದ ನಿದರ್ಶನವಿದೆ. ಸ್ಮಿತ್ ಈಜಿಪ್ಟಿನ ಪಪೈರಸ್ ಸುರುಳಿಗಳನ್ನು 1835ರಲ್ಲಿ ಪಡೆದು, ಅವುಗಳ ಭಾಷಾಂತರವೆಂದು ಅಬ್ರಹಾಮನ ಗ್ರಂಥವನ್ನು 1842ರಲ್ಲಿ ಪ್ರಕಟಿಸಿದನು. ಆ ಸುರುಳಿಗಳ ಕೆಲವು ತುಣುಕುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಿಂದ 1967ರಲ್ಲಿ ಸಭೆಯ ಕೈಸೇರಿದವು. ವಿದ್ವಾಂಸರು ಓದಿ ನೋಡಲಾಗಿ, ಅವು ಸತ್ತವರೊಡನೆ ಇಡುತ್ತಿದ್ದ ಅಂತ್ಯಸಂಸ್ಕಾರದ ಪಠ್ಯಗಳಾಗಿದ್ದವು. ಆ ಬರಹವು ಅಬ್ರಹಾಮನ ಗ್ರಂಥಕ್ಕೆ ಹೊಂದುವುದಿಲ್ಲವೆಂದು 2014ರ ಲೇಖನವೊಂದರಲ್ಲಿ ಸಭೆಯೇ ಒಪ್ಪಿಕೊಂಡಿತು. ಇದು ಮೆಚ್ಚತಕ್ಕ ಪ್ರಾಮಾಣಿಕತೆ. ಆದರೆ ಅದೇ ಲೇಖನದ ಕೊನೆಯಲ್ಲಿ, ಗ್ರಂಥದ ಸತ್ಯವು ಅಂತಿಮವಾಗಿ ಅಧ್ಯಯನ, ಪ್ರಾರ್ಥನೆ ಹಾಗೂ ಆತ್ಮದ ದೃಢೀಕರಣದಿಂದ ತಿಳಿಯತಕ್ಕದ್ದೆಂಬ ನಿಲುವಿದೆ. ಹೊರಗಿನ ಸಾಕ್ಷಿ ಕೈಕೊಟ್ಟ ಕೂಡಲೇ ಒಳಗಿನ ಸಾಕ್ಷಿಯನ್ನು ಕರೆಯುವುದು ನ್ಯಾಯವೇ?

ನಮ್ಮ ಪಕ್ಕದಲ್ಲೇ ಇಂಥದೇ ಕಥೆಯೊಂದು ನಡೆದಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಸುಮಾರು 1918ರಿಂದ 1923ರವರೆಗೆ, ಭರದ್ವಾಜ ಮಹರ್ಷಿಯದೆಂದು 'ವೈಮಾನಿಕ ಶಾಸ್ತ್ರ'ವನ್ನು ಅಂತಃಸ್ಫುರಣೆಯಿಂದ ಹೇಳಿ ಬರೆಯಿಸಿದರು. ಅದರಲ್ಲಿ ವರ್ಣಿತವಾದ ವಿಮಾನಗಳನ್ನು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿಜ್ಞಾನಿಗಳು ಪರಿಶೀಲಿಸಿ, ಅವು ಹಾರಲಾರವೆಂದೂ, ಭಾಷೆಯ ಆಧಾರದಿಂದ ಗ್ರಂಥವು ಪ್ರಾಚೀನವಲ್ಲವೆಂದೂ 1974ರಲ್ಲಿ ಪ್ರಕಟಿಸಿದರು. ಶಾಸ್ತ್ರಿಗಳು ವಂಚಕರೆಂದು ಆ ವಿಜ್ಞಾನಿಗಳು ಹೇಳಲಿಲ್ಲ, ನಾನೂ ಹೇಳಲಾರೆ. ಅವರಿಗಾದ ಸ್ಫುರಣೆ ಅವರ ಮಟ್ಟಿಗೆ ನಿಜವಾಗಿದ್ದಿರಬಹುದು. ವಿಮಾನ ಮಾತ್ರ ಹಾರದು. ಅಮೆರಿಕದ ಪಪೈರಸ್ಸಿಗೆ ತಲೆಯಾಡಿಸಿದವರು ಆನೇಕಲ್ಲಿನ ವಿಮಾನಕ್ಕೆ ಮುಖ ಸಿಂಡರಿಸಿದರೆ ಅದು ವಿಚಾರಶೀಲತೆಯಲ್ಲ, ಸ್ವಪಕ್ಷಪಾತ.

ಹಾಗಾದರೆ ಅನುಭವವನ್ನೆಲ್ಲ ತಿಪ್ಪೆಗೆ ಎಸೆಯಬೇಕೆ? ಖಂಡಿತವಾಗಿಯೂ ಇಲ್ಲ. ಈ ಮತವನ್ನು ಸ್ವೀಕರಿಸಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳ ಹಿಂದೆ, "ಮೇಷ್ಟ್ರೇ, ಪ್ರಾರ್ಥಿಸುವಾಗ ನನಗಾದ ಶಾಂತಿ ಸುಳ್ಳೇ? ನಾನು ಕುಡಿತ ಬಿಟ್ಟೆ. ಮಕ್ಕಳೊಡನೆ ಕುಳಿತು ಊಟ ಮಾಡುತ್ತೇನೆ. ಆದರೂ ತಂದೆ ನನ್ನೊಡನೆ ಮಾತನಾಡುತ್ತಿಲ್ಲ" ಎಂದನು. ಶಾಂತಿ ಸುಳ್ಳಲ್ಲ, ಕುಡಿತ ಬಿಟ್ಟದ್ದಂತೂ ಸುಳ್ಳಲ್ಲವೇ ಅಲ್ಲ ಎಂದೆ. ಅವರದೇ ಗ್ರಂಥದಲ್ಲಿ, ಉಪದೇಶವನ್ನು ಬೀಜದಂತೆ ಬಿತ್ತಿ, ಮೊಳೆಯುವುದೋ ಇಲ್ಲವೋ ನೋಡಿರಿ ಎಂಬ ದೃಷ್ಟಾಂತವಿದೆ. ಹೇಗೆ ಬಾಳಬೇಕೆಂಬ ಪ್ರಶ್ನೆಗೆ ಇದು ಉತ್ತಮವಾದ ಪರೀಕ್ಷೆ. ಫಲವು ಹೊರಗಿನವರಿಗೂ ಕಾಣುವುದರಿಂದ ಇಲ್ಲಿ ಒಳಗಿನ ಸಾಕ್ಷಿಗೆ ಹೊರಗಿನ ಸಾಕ್ಷಿಯ ಬೆಂಬಲವಿದೆ. ಆದರೆ ಮರ ಚೆನ್ನಾಗಿ ಬೆಳೆದ ಮಾತ್ರಕ್ಕೆ, ಬೀಜವು ಚಿನ್ನದ ಫಲಕದಿಂದ ಬಂದಿತೆಂದು ಸಿದ್ಧವಾಗುವುದಿಲ್ಲ. ಬಾಳಿನ ಪ್ರಶ್ನೆ ಬೇರೆ, ಚರಿತ್ರೆಯ ಪ್ರಶ್ನೆ ಬೇರೆ. ಇದನ್ನೂ ಅವನಿಗೆ ಹೇಳಿದೆ.

ನಮ್ಮ ಬಸವೇಶ್ವರನಗರವು ಯಾರ ಹೆಸರನ್ನು ಹೊತ್ತಿದೆಯೋ ಆ ಮಹಾನುಭಾವರ ಪರಂಪರೆ ಇಲ್ಲಿ ನಮಗೆ ದಾರಿ ತೋರುತ್ತದೆ. ಶರಣರು ಅನುಭಾವವನ್ನು ಎಲ್ಲಕ್ಕಿಂತ ಮೇಲೆ ಇರಿಸಿದರು. ಆದರೆ ಅದನ್ನು ಪ್ರಶ್ನಾತೀತವೆಂದು ಬಗೆಯಲಿಲ್ಲ. ಶೂನ್ಯಸಂಪಾದನೆಯಲ್ಲಿ, ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ತುಂಬಿದ ಸಭೆಯಲ್ಲಿ ಕಠಿಣವಾಗಿ ಪ್ರಶ್ನಿಸುತ್ತಾರೆ. ಆಕೆ ಮುನಿಯದೆ ಒಂದೊಂದಕ್ಕೂ ಉತ್ತರಿಸುತ್ತಾಳೆ. ಒಬ್ಬರ ಒಳಗಿನ ಬೆಳಕನ್ನು ಹಲವರ ಮುಂದೆ ಒರೆಗೆ ಹಚ್ಚುವ ಧೈರ್ಯವಿದು. ನಮ್ಮ ಕಾಲದಲ್ಲಿ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದರ ಹಿಂದೆಯೂ ಇದೇ ಧೈರ್ಯವಿತ್ತು.

ಕೊನೆಗೆ ತಂದೆತಾಯಿಗಳಿಗೆ ಒಂದು ಮಾತು. ನಮ್ಮ ಸಂವಿಧಾನದ 25ನೆಯ ವಿಧಿಯು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಮಗನ ನಂಬಿಕೆಯನ್ನು ಪ್ರಶ್ನಿಸಲು ನಿಮಗೆ ಹಕ್ಕಿದೆ. ಆದರೆ ಪ್ರಶ್ನಿಸಬೇಕಾದರೆ ಮೊದಲು ಮಾತನಾಡಬೇಕು. ಮೌನದಿಂದ ಯಾವ ಸತ್ಯವೂ ಪರೀಕ್ಷೆಗೆ ಒಳಗಾಗುವುದಿಲ್ಲ. ಮತ್ತು ಅವನನ್ನು ಕೇಳುವ ಪ್ರಶ್ನೆಗಳನ್ನು ನಿಮ್ಮ ದೇವರಮನೆಯ ಮುಂದೆಯೂ ಒಮ್ಮೆ ಕೇಳಿಕೊಳ್ಳಿರಿ. ಆಗ ಇಬ್ಬರೂ ಒಂದೇ ತರಗತಿಯ ವಿದ್ಯಾರ್ಥಿಗಳಾಗುತ್ತೀರಿ.

ನಿಮ್ಮ ಅಭಿಪ್ರಾಯ ಬೇರೆಯಾಗಿದ್ದರೆ ಸಂಕೋಚವಿಲ್ಲದೆ ಬರೆಯಿರಿ. ಮೇಷ್ಟ್ರು ಹೇಳಿದರೆಂಬ ಒಂದೇ ಕಾರಣಕ್ಕೆ ಒಪ್ಪುವುದು ಬೇಡ.