ಗ್ಯಾಸ್ ಖಲಾಸಾಗುವುದಿಲ್ಲ, ಸೋರುತ್ತದೆ

ಶಿವರಾತ್ರಿಗೆ ಚಳಿಯು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆಂಬ ಮಾತು ಕೃಷ್ಣೆಯ ಎರಡೂ ದಡಗಳಲ್ಲಿದೆ. ಮಕ್ತಲ, ಮಾಗನೂರು, ಕೃಷ್ಣಾ ಮಂಡಲಗಳ ಬಯಲಿನಲ್ಲಿ ಚಳಿ ಬಿಟ್ಟುಹೋದ ಜಾಗವನ್ನು ಬಿಸಿಲು ಬಹಳ ದಿನ ಖಾಲಿ ಇಡುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪವು 40 ಡಿಗ್ರಿ ದಾಟುವುದು ಇಲ್ಲಿನ ವಾಡಿಕೆ. ದೀಪಾವಳಿಯ ನಂತರ ಮರೆತೇಹೋಗಿದ್ದ ಕಾರಿನ ಎ.ಸಿ. ಗುಂಡಿಯ ಮೇಲೆ ಮತ್ತೆ ಬೆರಳು ಬೀಳುವುದು ಬಹುತೇಕ ಮನೆಗಳಲ್ಲಿ ಯಾವುದೋ ಮದುವೆಯ ದಿನ, ಇಲ್ಲವೆ ವಯಸ್ಸಾದವರೊಬ್ಬರನ್ನು ರಾಯಚೂರಿನ ಆಸ್ಪತ್ರೆಗೆ ಒಯ್ಯಬೇಕಾದ ನಡುಮಧ್ಯಾಹ್ನ. ಆಗ ಬರುವ ಗಾಳಿ ಬಿಸಿಯೂ ಅಲ್ಲ, ತಂಪೂ ಅಲ್ಲ ಎಂದಾದರೆ ಅಂದಿಗೆ ಮಾಡಬಹುದಾದ್ದು ಹೆಚ್ಚೇನಿಲ್ಲ. ಪರೀಕ್ಷೆಯ ಕಾಲ ಈಗಿನದೇ.

ಎ.ಸಿ. ಸೊರಗಿದಾಗ ಗಡಿನಾಡಿನ ವರ್ಕ್‌ಶಾಪುಗಳಲ್ಲಿ ಕೇಳಿಬರುವ ತೀರ್ಪು ಒಂದೇ. ರಾಯಚೂರಿನ ಕಡೆ ಅದು ‘ಗ್ಯಾಸ್ ಖಲಾಸಾಗಿದೆ’, ಗದ್ವಾಲದ ಕಡೆ ‘ಗ್ಯಾಸ್ ಅಯಿಪೋಯಿಂದಿ’. ಭಾಷೆ ಎರಡಾದರೂ ತಪ್ಪು ಒಂದೇ. ಕಾರಿನ ಎ.ಸಿ.ಯ ಅನಿಲವು ಡೀಸೆಲಿನಂತೆ ಉರಿದು ತೀರುವ ಪದಾರ್ಥವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಅನಿಲ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ರಬ್ಬರ್ ಕೊಳವೆಗಳಿಂದಲೂ ಸಂದುಗಳಿಂದಲೂ ಬಹು ನಿಧಾನವಾಗಿ ಅಲ್ಪಸ್ವಲ್ಪ ನುಸುಳುವುದು ನಿಜ. ಆದರೆ ಕಳೆದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಇಲ್ಲವೆಂದರೆ ಅದು ಎಲ್ಲಿಯೋ ಸೋರಿದೆ. ಸೋರಿದ ಜಾಗವನ್ನು ಹುಡುಕದೆ ಮತ್ತೆ ತುಂಬಿಸುವುದು ತೂತುಬಿದ್ದ ಕೊಡಕ್ಕೆ ನೀರು ಸೇದಿದ ಹಾಗೆ. ಇನ್ನೊಂದು ಸಂಗತಿಯೂ ಇದೆ: ತಂಪು ಕಡಿಮೆಯಾದ ಕಾರುಗಳೆಲ್ಲವುಗಳಲ್ಲಿ ಅನಿಲವೇ ಕಡಿಮೆಯಾಗಿರುವುದಿಲ್ಲ.

ಇದನ್ನು ತಿಳಿಯಲು ಮನೆಯ ಮೂಲೆಯ ಮಣ್ಣಿನ ಮಡಕೆಯನ್ನು ನೆನೆದರೆ ಸಾಕು. ಮಡಕೆಯ ಮೈಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎತ್ತಿಕೊಂಡು ಹೋಗುತ್ತದೆ. ಕಾರಿನಲ್ಲಿ ನೀರಿನ ಬದಲು ಆರ್-134ಎ ಎಂಬ ದ್ರವವಿದೆ; ಬಯಲಿನಲ್ಲಿ ಸುರಿದರೆ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದುಬಿಡುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಸುರುಳಿಯಲ್ಲಿ ಅದು ಆವಿಯಾಗಿ ಒಳಗಿನ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿಮಾಡಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಹೊರಗಾಳಿಗೆ ಶಾಖವನ್ನು ಕೊಟ್ಟು ಅದು ಮತ್ತೆ ದ್ರವವಾಗುತ್ತದೆ.

ತೊಡಕು ಇರುವುದು ಈ ಕೊಡುವ ಕೆಲಸದಲ್ಲಿ. ಡಿಸೆಂಬರಿನ ಮುಂಜಾನೆ ಹೊರಗಾಳಿ 18 ಡಿಗ್ರಿ ಇದ್ದಾಗ ಅರ್ಧ ಮುಚ್ಚಿಹೋದ ಕಂಡೆನ್ಸರ್ ಕೂಡ ಶಾಖವನ್ನು ಸುಲಭವಾಗಿ ಬಿಡುತ್ತದೆ. ಹೊರಗಾಳಿಯೇ 42 ಡಿಗ್ರಿಯಾದಾಗ ಅದರ ಮತ್ತು ಕಂಡೆನ್ಸರಿನ ನಡುವಣ ಅಂತರ ಬಹಳ ಕಿರಿದಾಗುತ್ತದೆ. ಆಗ ಒಂದೊಂದು ರೆಕ್ಕೆಯ ಸಂದೂ ತೆರೆದಿರಬೇಕು. ಚಳಿಗಾಲದಲ್ಲಿ ನೆಟ್ಟಗಿದ್ದ ಎ.ಸಿ. ಯುಗಾದಿಯ ಹೊತ್ತಿಗೆ ‘ಇದ್ದಕ್ಕಿದ್ದಂತೆ’ ಕೆಟ್ಟಿತೆಂದು ತೋರುವುದರ ಗುಟ್ಟು ಇಷ್ಟೆ.

ಮಾಗನೂರಿನ ಸುತ್ತಣ ರಸ್ತೆಗಳಲ್ಲಿ ಓಡುವ ಕಾರಿನ ಕಂಡೆನ್ಸರನ್ನು ಟಾರ್ಚ್ ಹಿಡಿದು ಒಮ್ಮೆ ನೋಡಬೇಕು. ಹತ್ತಿ ಬಿಡಿಸುವ ದಿನಗಳ ಎಳೆಗಳು, ಭತ್ತದ ಕೊಯ್ಲಿನ ಹೊಟ್ಟು, ಎರೆಮಣ್ಣಿನ ಧೂಳು, ದೀಪದ ಬೆಳಕಿಗೆ ಬಂದು ಸತ್ತ ಹುಳುಗಳು, ನದಿ ದಾಟಿ ಶಕ್ತಿನಗರದ ದಾರಿ ಹಿಡಿದರೆ ಮೇಲಿಷ್ಟು ಹಾರುಬೂದಿ. 167ನೇ ರಾಷ್ಟ್ರೀಯ ಹೆದ್ದಾರಿಯ ಲಾರಿಗಳ ಹಿಂದೆ ಓಡಿದ ಕಾರಿನಲ್ಲಿ ಇವೆಲ್ಲ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿರುತ್ತವೆ. ಇದನ್ನು ತೊಳೆಯಲು ಖರ್ಚಿಲ್ಲ. ಎಂಜಿನ್ ಆರಿಸಿ, ಕೀಲಿ ತೆಗೆದು, ಪೂರ್ತಿ ತಣ್ಣಗಾದ ಮೇಲೆ ತೋಟದ ಪೈಪಿನ ಮೆಲುಧಾರೆಯನ್ನು ಬಿಡಬೇಕು. ಸಾಧ್ಯವಿದ್ದಲ್ಲಿ ಎಂಜಿನ್ನಿನ ಕಡೆಯಿಂದ ಹೊರಗಡೆಗೆ ಬಿಟ್ಟರೆ ಕಸ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಬೈಕು ತೊಳೆಯುವ ಜೋರು ಜೆಟ್ಟನ್ನು ಹತ್ತಿರ ಹಿಡಿಯುವುದು ಸಲ್ಲದು. ಅಲ್ಯೂಮಿನಿಯಂ ರೆಕ್ಕೆಗಳು ಕಾಗದದಷ್ಟು ತೆಳು, ಒಮ್ಮೆ ಮಲಗಿದರೆ ಗಾಳಿಯ ದಾರಿಯೇ ಮುಚ್ಚುತ್ತದೆ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಸಿಲುಕಿದ ಹೊಟ್ಟು ಮಾತ್ರ ಮನೆಯಲ್ಲಿ ಬಾರದು, ಮೆಕ್ಯಾನಿಕ್ ಬಿಚ್ಚಬೇಕು.

ಕಾರು ಓಡುವಾಗ ತಂಪಿದ್ದು, ಪೇಟೆಯ ದಟ್ಟಣೆಯಲ್ಲಿ ನಿಂತೊಡನೆ ಗಾಳಿ ಬೆಚ್ಚಗಾದರೆ ಶಂಕೆ ಈ ಕೊಳೆಯ ಮೇಲೆ, ಇಲ್ಲವೆ ಮುಂದಿನ ಫ್ಯಾನಿನ ಮೇಲೆ. ಎ.ಸಿ. ಹಾಕಿದಾಗ ಆ ಫ್ಯಾನು ತಿರುಗುತ್ತಿದೆಯೇ ಎಂದು ಬಾನೆಟ್ ತೆರೆದು ದೂರದಿಂದಲೇ ನೋಡಬಹುದು. ಗಾಳಿ ತಂಪಾಗಿಯೇ ಇದ್ದು ಬರುವುದೇ ಕಡಿಮೆಯಾದರೆ ಗ್ಲವ್ ಬಾಕ್ಸಿನ ಹಿಂದಿನ ಕ್ಯಾಬಿನ್ ಫಿಲ್ಟರ್ ಮುಚ್ಚಿದೆ. ಬದಲಿಸಲು ಹತ್ತು ನಿಮಿಷ ಸಾಕು. ಕಂಪ್ರೆಸರಿನ ಕ್ಲಚ್ಚು ಕೆಲವು ಕ್ಷಣಕ್ಕೊಮ್ಮೆ ಟಕ್ಕೆಂದು ಹಿಡಿದು ಬಿಡುತ್ತಿದ್ದರೆ, ಕೊಳವೆಯ ಸಂದುಗಳಲ್ಲಿ ಎಣ್ಣೆಯ ಕಲೆಗೆ ಧೂಳು ಮೆತ್ತಿದ್ದರೆ, ಆಗ ಅನಿಲದ ಮಾತನ್ನು ನಂಬಬಹುದು. ಕಂಪ್ರೆಸರಿನ ಎಣ್ಣೆ ಅನಿಲದ ಜೊತೆಗೇ ಸುತ್ತುವುದರಿಂದ ಸೋರಿಕೆಯಾದಲ್ಲಿ ಅದು ಸಾಕ್ಷಿ ಬಿಟ್ಟಿರುತ್ತದೆ.

ಇನ್ನು ತುಂಬಿಸುವ ಕ್ರಮ. ಗೇಜ್ ಹಚ್ಚಿ, ಮುಳ್ಳು ನೋಡಿ, ‘ಇನ್ನೊಂದಿಷ್ಟು’ ಎಂದು ಡಬ್ಬಿಯಿಂದ ಬಿಡುವ ಪದ್ಧತಿ ಎಲ್ಲೆಡೆಯೂ ಇದೆ, ಎಲ್ಲೆಡೆಯೂ ತಪ್ಪು. ಅಡುಗೆ ಗ್ಯಾಸಿನ ಸಿಲಿಂಡರು ಹದಿನೈದನೆಯ ದಿನ ಉರಿದಷ್ಟೇ ಜೋರಾಗಿ ಮುಗಿಯುವ ಹಿಂದಿನ ದಿನವೂ ಉರಿಯುತ್ತದೆ. ಎಷ್ಟು ಉಳಿದಿದೆಯೆಂದು ತಿಳಿಯಲು ಎತ್ತಿ ನೋಡಬೇಕು, ತೂಗಬೇಕು. ಇಲ್ಲಿಯೂ ಹಾಗೆಯೇ. ಎಂಜಿನ್ ನಿಂತಿರುವಾಗ 30 ಡಿಗ್ರಿ ಹವೆಯಲ್ಲಿ ಆರ್-134ಎ ಸುಮಾರು 97 ಪಿ.ಎಸ್.ಐ. ಒತ್ತಡ ತೋರುತ್ತದೆ. ಒಳಗಿರುವುದು 450 ಗ್ರಾಂ ಇರಲಿ, 250 ಇರಲಿ, ಒಂದಿಷ್ಟು ದ್ರವ ಉಳಿದಿರುವವರೆಗೆ ಅಂಕಿ ಅದೇ. ಎಂಜಿನ್ ಓಡುವಾಗಿನ ಒತ್ತಡ ಕಂಪ್ರೆಸರಿನ ಆರೋಗ್ಯ, ಹವೆಯ ತಾಪ, ಕಂಡೆನ್ಸರಿನ ಕೊಳೆ ಎಲ್ಲವನ್ನೂ ಬೆರೆಸಿ ಹೇಳುತ್ತದೆ. ಗ್ರಾಮನ್ನು ಮಾತ್ರ ಹೇಳುವುದಿಲ್ಲ. ಹೆಚ್ಚು ತುಂಬಿದರೂ ತಂಪು ಕುಗ್ಗುತ್ತದೆ, ಕಂಪ್ರೆಸರಿಗೆ ಭಾರವೂ ಆಗುತ್ತದೆ.

ಸರಿಯಾದ ಕೆಲಸವೆಂದರೆ ಇರುವ ಅನಿಲವನ್ನು ಯಂತ್ರದಿಂದ ಹಿಂದಕ್ಕೆ ಎಳೆದುಕೊಂಡು, ನೈಟ್ರೋಜನ್ ತುಂಬಿ ಸಾಬೂನು ನೊರೆ ಹಚ್ಚಿ ಸೋರಿಕೆ ಹುಡುಕಿ, ಕೆಟ್ಟ ಒ-ರಿಂಗನ್ನೋ ಕೊಳವೆಯನ್ನೋ ಬದಲಿಸಿ, ಅರ್ಧ ಗಂಟೆಯಾದರೂ ನಿರ್ವಾತ ಪಂಪು ಓಡಿಸಿ, ಪಂಪು ನಿಂತ ಮೇಲೂ ಮುಳ್ಳು ಕದಲದಿರುವುದನ್ನು ಕಂಡು, ಬಾನೆಟ್ಟಿನ ಕೆಳಗಿನ ಚೀಟಿ ಹೇಳುವಷ್ಟು ಗ್ರಾಮನ್ನು ತೂಗಿ ಬಿಡುವುದು. ನಿರ್ವಾತ ಮಾಡುವುದು ಒಳಗಿನ ಗಾಳಿಯನ್ನೂ ತೇವವನ್ನೂ ತೆಗೆಯಲು. ತೇವ ಉಳಿದರೆ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಸೋರಿಕೆಯನ್ನು ಒಳಗಿನಿಂದಲೇ ಮುಚ್ಚುವುದಾಗಿ ಹೇಳುವ ಅಂಟುದ್ರಾವಣಗಳು ಕಿರಿದಾದ ಕವಾಟವನ್ನೂ ಮುಚ್ಚಿಬಿಡಬಲ್ಲವು, ಅವುಗಳ ಗೊಡವೆ ಬೇಡ. ಅಗ್ಗವೆಂದು ಅಡುಗೆ ಅನಿಲದ ಜಾತಿಯ ಅನಿಲಗಳನ್ನು ತುಂಬುವವರೂ ಇದ್ದಾರೆ. ಅವು ತಂಪು ಕೊಡುವುದು ಸುಳ್ಳಲ್ಲ. ಆದರೆ ಡ್ಯಾಶ್‌ಬೋರ್ಡಿನ ಹಿಂದೆ ಸೋರಿದರೆ ಐದು ಜನ ಕುಳಿತ ಮುಚ್ಚಿದ ಕೋಣೆಯಲ್ಲಿ ಹೊತ್ತಿಕೊಳ್ಳುವ ವಸ್ತು ಅದು.

ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಯಂತ್ರಕ್ಕೆ ಎಳೆದುಕೊಳ್ಳುವುದಕ್ಕೂ ಕಾರಣವಿದೆ. ಮೊದಲಿದ್ದ ಆರ್-12 ಓಜೋನ್ ಪದರವನ್ನು ಹರಿಯುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಲೋಕವೇ ಅದನ್ನು ಕೈಬಿಟ್ಟಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ನಿರಪಾಯಕಾರಿ. ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಒಂದು ಕಿಲೋ ಆರ್-134ಎ ಸಾವಿರಕ್ಕೂ ಮಿಕ್ಕ ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. 2016ರ ಕಿಗಾಲಿ ತಿದ್ದುಪಡಿ ಇಂಥ ಅನಿಲಗಳನ್ನೇ ಕುಗ್ಗಿಸಲು ಹೊರಟಿದೆ. ಕೆಲವು ಹೊಸ ಕಾರುಗಳಲ್ಲಿ ಈಗಾಗಲೇ ಆರ್-1234ವೈಎಫ್ ಇದೆ. ಒಂದರ ಜಾಗಕ್ಕೆ ಇನ್ನೊಂದನ್ನು ತುಂಬುವಂತಿಲ್ಲ. ವಿದ್ಯುತ್ ಕಾರುಗಳ ಕಂಪ್ರೆಸರ್ ಎಣ್ಣೆಯೂ ಬೇರೆಯೇ ಜಾತಿಯದು, ಅವನ್ನು ಬೀದಿಬದಿಯ ರಿಪೇರಿಗೆ ಒಡ್ಡಬಾರದು.

ತಂಪು ಉಳ್ಳವರ ಶೋಕಿಯೆಂಬ ಭಾವನೆ ಈ ಸೀಮೆಯಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಹೊಸದಾಗಿ ತಯಾರಾಗುವ ಮಧ್ಯಮ ಹಾಗೂ ಭಾರಿ ಲಾರಿಗಳ ಚಾಲಕನ ಕೋಣೆಗೆ ಎ.ಸಿ. ಇರಲೇಬೇಕೆಂದು ಕೇಂದ್ರ ಸರ್ಕಾರವೇ ನಿಯಮ ಮಾಡಿದೆ. ಬಿಸಿಲಿನಲ್ಲಿ ಬಳಲಿದ ಚಾಲಕನ ಕೈ ಸ್ಟಿಯರಿಂಗಿನ ಮೇಲೆ ಎಷ್ಟು ನಂಬಿಕೆಯದೆಂಬುದು ಹೆದ್ದಾರಿ ಬದಿಯ ಊರುಗಳವರಿಗೆ ಬಿಡಿಸಿ ಹೇಳಬೇಕಾದ್ದಲ್ಲ.

ಈ ವಾರವೇ ಒಂದು ಮಧ್ಯಾಹ್ನ ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಒಳಗಾಳಿಯನ್ನೇ ಸುತ್ತಿಸುವ ಗುಂಡಿಯೊತ್ತಿ, ಎಂಜಿನನ್ನು ನಿಮಿಷಕ್ಕೆ 1500 ಸುತ್ತಿನಲ್ಲಿ ಹತ್ತು ನಿಮಿಷ ಓಡಿಸಿ, ನಡುವಿನ ಕಿಂಡಿಗೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಉಷ್ಣಮಾಪಕವನ್ನು ಸಿಕ್ಕಿಸಬಹುದು. ಹೊರಗೆ 30 ಡಿಗ್ರಿಯ ಆಸುಪಾಸು ಇದ್ದಾಗ ಅದು 10ರ ಒಳಗೆ ಇಳಿದರೆ ಚಿಂತೆಯಿಲ್ಲ. 15ರ ಮೇಲೆಯೇ ನಿಂತರೆ ಮೊದಲು ನೀರಿನ ಪೈಪು, ಆಮೇಲೆ ಫಿಲ್ಟರ್, ಕೊನೆಗೆ ವರ್ಕ್‌ಶಾಪು. ಅಲ್ಲಿ ಬಿಲ್ಲು ಬರೆಸುವಾಗ ‘ಗ್ಯಾಸ್ ಫಿಲ್ಲಿಂಗ್’ ಎಂಬ ಎರಡೇ ಶಬ್ದಗಳಿಗೆ ಒಪ್ಪದೆ, ಹಿಂದಕ್ಕೆ ತೆಗೆದದ್ದು ಎಷ್ಟು ಗ್ರಾಂ, ತುಂಬಿದ್ದು ಎಷ್ಟು ಗ್ರಾಂ, ಸೋರಿಕೆ ಸಿಕ್ಕಿದ್ದು ಎಲ್ಲಿ ಎಂಬುದನ್ನೂ ಬರೆಸಿಕೊಳ್ಳಬೇಕು.