ಸಮಾಲೋಚಕರ ಕೋಣೆಯ ಮಾತು ಸಂಘದ ಸಭಾಂಗಣಕ್ಕೆ ಬೇಡ

ಅಹ್ಮದಾಬಾದ್, ವಡೋದರಾ, ಸೂರತ್ ಎಂದು ಮೂರು ನಗರಗಳಲ್ಲಿ ಹಂಚಿಹೋಗಿದ್ದರೂ ಗುಜರಾತಿನ ಕನ್ನಡಿಗರ ಲೋಕ ಚಿಕ್ಕದು. ಹೋಟೆಲು, ಬ್ಯಾಂಕು, ತೈಲ ಕಂಪೆನಿ ಎಂದು ಬಂದವರೆಲ್ಲ ಗಣೇಶೋತ್ಸವಕ್ಕೂ ರಾಜ್ಯೋತ್ಸವಕ್ಕೂ ಒಂದೇ ಸಭಾಂಗಣದಲ್ಲಿ ಸೇರುತ್ತೇವೆ. ಇಲ್ಲಿ ಆಡಿದ ಮಾತು ಮರುದಿನ ವಾಪಿಯವರೆಗೆ ತಲುಪಿರುತ್ತದೆ.

ಖಿನ್ನತೆ, ಕುಡಿತ, ದಾಂಪತ್ಯ ಕಲಹ, ಮಕ್ಕಳ ಪರೀಕ್ಷಾಭಯ ಇತ್ಯಾದಿಗಳಿಗೆ ಖಾಸಗಿ ಆಪ್ತಸಮಾಲೋಚಕರ ಬಳಿ ಹೋಗಬೇಕಾದ ನಮ್ಮವರು ಹಿಂಜರಿಯುವುದು ಇದೇ ಕಾರಣಕ್ಕೆ. ಶುಲ್ಕವೂ ಒಂದು ತೊಡಕು, ನಿಜ. ಆದರೆ 'ಯಾರಿಗಾದರೂ ಗೊತ್ತಾದರೆ' ಎಂಬ ಅಂಜಿಕೆ ಅದಕ್ಕಿಂತ ದೊಡ್ಡದು. ವ್ಯವಹಾರ ಗುಜರಾತಿಯಲ್ಲಿ ನಡೆದೀತು, ಅಳು ಬರುವುದು ಕನ್ನಡದಲ್ಲಿ, ತುಳುವಿನಲ್ಲಿ. ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಗಳಿಗೆ ದುಭಾಷಿಯಾಗಿ ಗಂಡನೇ ಕುಳಿತರೆ, ಗಂಡನ ಮೇಲಿನ ದೂರನ್ನು ಆಕೆ ಹೇಳುವುದು ಹೇಗೆ? ಕನ್ನಡ ಬಲ್ಲ ಸಮಾಲೋಚಕರು ಸಿಕ್ಕಿದರೋ, ಅವರು ಸಂಘದಲ್ಲಿ ಪಕ್ಕದ ಕುರ್ಚಿಯವರೇ ಆಗಿರುತ್ತಾರೆ!

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಕಲಂ, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರ ಮಾಹಿತಿಯನ್ನು ಗೋಪ್ಯವಾಗಿಡುವುದು ಚಿಕಿತ್ಸೆ ನೀಡುವವರ ಕರ್ತವ್ಯ ಎನ್ನುತ್ತದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನಮ್ಮವರೆಂದು ಹೆಮ್ಮೆಪಡಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಗೋಪ್ಯತೆಗೆ ಮಿತಿಯೂ ಇದೆ. ಪ್ರಾಣಾಪಾಯವಿದ್ದರೆ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದರೆ, ನ್ಯಾಯಾಲಯ ಆದೇಶಿಸಿದರೆ ಅಗತ್ಯವಿರುವಷ್ಟನ್ನು ತಿಳಿಸಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ತಿಳಿಸಲೇಬೇಕು. ಒಳ್ಳೆಯ ಸಮಾಲೋಚಕರು ಇದನ್ನೆಲ್ಲ ಮೊದಲ ಭೇಟಿಯಲ್ಲೇ ಹೇಳುತ್ತಾರೆ. ಹೇಳದಿದ್ದರೆ ನಾವೇ ಕೇಳಬೇಕು: ಟಿಪ್ಪಣಿಗಳನ್ನು ಎಲ್ಲಿಡುತ್ತೀರಿ, ಮನೆಯವರು ಫೋನ್ ಮಾಡಿದರೆ ಏನು ಹೇಳುತ್ತೀರಿ, ಸಂಘದಲ್ಲಿ ಎದುರಾದರೆ ಹೇಗೆ ನಡೆದುಕೊಳ್ಳುತ್ತೀರಿ?

ಎಲ್ಲಕ್ಕಿಂತ ಕಿರಿಕಿರಿಯ ಸಂಗತಿ ಮದುವೆಯ ವಿಚಾರಣೆ. 'ಆ ಹುಡುಗನನ್ನು ನಿಮ್ಮ ಹತ್ತಿರ ಕರೆತಂದಿದ್ದರಂತೆ, ಹೌದೇ?' ಎಂದು ಹಿರಿಯರೇ ಕೇಳಿಬಿಡುತ್ತಾರೆ. ಸಮಾಲೋಚಕರು ಹೌದು ಎನ್ನುವಂತಿಲ್ಲ, ಇಲ್ಲ ಎನ್ನುವಂತೆಯೂ ಇಲ್ಲ. ಒಬ್ಬರ ವಿಷಯದಲ್ಲಿ ಇಲ್ಲ ಎಂದು, ಇನ್ನೊಬ್ಬರ ವಿಷಯದಲ್ಲಿ ಸುಮ್ಮನಾದರೆ ಆ ಮೌನವೇ ಉತ್ತರವಾಗುತ್ತದೆ. ಬ್ಯಾಂಕ್ ನೌಕರರಾದ ನಮಗೆ ಇದು ಹೊಸತಲ್ಲ. ರಾಷ್ಟ್ರೀಕೃತ ಬ್ಯಾಂಕಿಗೆ ಸೇರುವಾಗ ನಿಷ್ಠೆ ಮತ್ತು ಗೋಪ್ಯತೆಯ ಘೋಷಣೆಗೆ ಸಹಿ ಹಾಕುತ್ತೇವೆ. ಬಾಕಿ ಎಷ್ಟೆಂಬುದು ಹಾಗಿರಲಿ, ಖಾತೆ ಇದೆಯೇ ಎಂಬುದನ್ನೂ ಹೊರಗಿನವರಿಗೆ ಹೇಳುವುದಿಲ್ಲ. ಪಾಸ್‌ಬುಕ್ಕಿಗೆ ಇರುವ ಈ ಮರ್ಯಾದೆ ಮನುಷ್ಯನ ಮನಸ್ಸಿಗೆ ಬೇಡವೇ?

ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ವೈದ್ಯಕೀಯ ನೆರವಿನ ಅರ್ಜಿಗಳನ್ನು ಸಭೆಯಲ್ಲಿ ಹೆಸರು, ಕಾಯಿಲೆ ಸಹಿತ ಓದುವುದಾಗಲಿ, ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುವುದಾಗಲಿ ಬೇಡ. ಅಧ್ಯಕ್ಷರು, ಖಜಾಂಚಿ ಇಬ್ಬರು ನೋಡಿದರೆ ಸಾಕು, ಲೆಕ್ಕದಲ್ಲಿ ಮೊತ್ತವಷ್ಟೇ ಇರಲಿ. ಸದ್ಯಕ್ಕೆ ಯಾರ ಮುಖವನ್ನೂ ನೋಡಲು ಧೈರ್ಯವಿಲ್ಲದವರು 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ-ಮಾನಸ್ ಸೇವೆಗೆ, 14416ಕ್ಕೆ, ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಇದೆ.